ಇರುಳಿನ ಹೆದ್ದಾರಿ, ಹಗಲಿನ ಮೆಟ್ಟಿಲು

ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕೆಂಡಲ್ ಪಟ್ಟಣದಿಂದ ಪೆನ್ರಿತ್ ಪಟ್ಟಣಕ್ಕೆ ಹೋಗುವ ಎ-6 ಎಂಬ ಹಳೆಯ ರಸ್ತೆಯು ಷ್ಯಾಪ್ ಎಂಬ ಬೋಳು ಗುಡ್ಡನಾಡನ್ನು ಏರಿ, ಸಮುದ್ರಮಟ್ಟದಿಂದ ಸುಮಾರು 1,400 ಅಡಿ ಎತ್ತರದ ನೆತ್ತಿಯನ್ನು ಮುಟ್ಟಿ, ಆಚೆಯ ಕಣಿವೆಗೆ ಇಳಿಯುತ್ತದೆ. ಅರಸರಿಗೂ ದಂಡನಾಯಕರಿಗೂ ಸ್ಮಾರಕಗಳನ್ನು ನಿಲ್ಲಿಸುವುದು ರೂಢಿಯಾದ ಆ ದೇಶದಲ್ಲಿ, ಈ ನೆತ್ತಿಯ ಬಳಿ ರಸ್ತೆಯ ಮಗ್ಗುಲಿಗಿರುವ ಶಿಲೆಯೊಂದು, ಆ ದುರ್ಗಮ ಮಾರ್ಗದಲ್ಲಿ ವಾಹನಗಳನ್ನು ನಡೆಸಿ ಉತ್ತರ ದಕ್ಷಿಣಗಳ ನಂಟನ್ನು ಕಾಯ್ದುಕೊಟ್ಟ ಚಾಲಕರನ್ನೂ, ಹಿಮದಲ್ಲಿ ಸಿಕ್ಕಿಕೊಂಡವರಿಗೆ ಊಟ ವಸತಿಗಳನ್ನಿತ್ತ ಸುತ್ತಣ ಹಳ್ಳಿಗರನ್ನೂ ಸ್ಮರಿಸುತ್ತದೆ. ಲಾರಿ ನಡೆಸುವವನ ಶ್ರಮವನ್ನು ಒಂದು ನಾಡು ಕಲ್ಲಿನಲ್ಲಿ ಬರೆದಿಟ್ಟಿತೆಂಬುದು ನನಗೆ ನಿಜವಾಗಿಯೂ ಸಂತೋಷವನ್ನು ತರುವ ಸಂಗತಿ.

ಆದರೆ ಬ್ರಿಟನ್ನಿನ ವೃದ್ಧ ಡ್ರೈವರುಗಳು ತಮ್ಮ ಯೌವನವನ್ನು ನೆನೆಯುವಾಗ ಅವರ ಮಾತು ಎರಡು ದಾರಿಗಳಲ್ಲಿ ಹರಿಯುತ್ತದೆ. ಮೊದಲನೆಯದು ಟ್ರಂಕಿಂಗ್, ಅಂದರೆ ಒಂದು ನಗರದ ಡಿಪೋದಿಂದ ಮತ್ತೊಂದು ನಗರದ ಡಿಪೋಗೆ ರಾತ್ರಿಯ ಹೊತ್ತು ಗೊತ್ತಾದ ಹಾದಿಯಲ್ಲಿ ಗೊತ್ತಾದ ವೇಳೆಗೆ ತುಂಬಿದ ಲಾರಿಯನ್ನು ಮುಟ್ಟಿಸುವ ಕೆಲಸ. ಎರಡನೆಯದು ಆ ಡಿಪೋದಿಂದ ಸರಕನ್ನು ಬೀದಿ ಬೀದಿಗೆ, ಮನೆ ಮನೆಗೆ, ಮೆಟ್ಟಿಲು ಮೆಟ್ಟಿಲಿಗೆ ಹೊತ್ತು ಹಾಕುವ ಕೆಲಸ. ಷ್ಯಾಪಿನ ಶಿಲೆ ಮೊದಲನೆಯದಕ್ಕೆ ಸಂದ ಗೌರವ; ಎರಡನೆಯದಕ್ಕೆ ಅಂಥ ಗೌರವವಾಗಲಿ, ಬಹುಕಾಲದವರೆಗೆ ತಕ್ಕ ಶಾಸನವಾಗಲಿ ದೊರೆಯಲಿಲ್ಲ. ಮನುಷ್ಯದೇಹದ ದೃಷ್ಟಿಯಿಂದ ನೋಡಿದರೆ ಎರಡನೆಯದೇ ಹೆಚ್ಚು ಕಠೋರವಾಗಿತ್ತೆಂಬುದು ನನ್ನ ಅಭಿಪ್ರಾಯ.

ಟ್ರಂಕಿಂಗ್ ವ್ಯವಸ್ಥೆಯನ್ನು ಮೊದಲು ಅರಿಯೋಣ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರವು 1947ರ ಸಾರಿಗೆ ಶಾಸನದ ಮೂಲಕ ದೂರದ ಸರಕು ಸಾಗಣೆಯನ್ನು ರಾಷ್ಟ್ರೀಕರಣಗೊಳಿಸಲು, 1948ರಿಂದ ಮೊದಲ್ಗೊಂಡು ಅಲ್ಲಲ್ಲಿ ಚದುರಿದ್ದ ಸಾವಿರಾರು ಖಾಸಗಿ ಲಾರಿ ಕಂಪನಿಗಳು ಬ್ರಿಟಿಷ್ ರೋಡ್ ಸರ್ವಿಸಸ್ ಎಂಬ ಒಂದೇ ಹೆಸರಿನ ಕೆಳಗೆ ಸೇರಿದುವು. ಅದರ ಉಚ್ಛ್ರಾಯ ಕಾಲದಲ್ಲಿ ಸುಮಾರು 40,000 ವಾಹನಗಳು ಆ ಸಂಸ್ಥೆಯ ಅಧೀನದಲ್ಲಿದ್ದುವು. ಮುಂದೆ ಬಂದ ಮತ್ತೊಂದು ಸರ್ಕಾರ 1953ರಲ್ಲಿ ಅವುಗಳಲ್ಲಿ ಬಹುಪಾಲನ್ನು ಮತ್ತೆ ಖಾಸಗಿಯವರಿಗೆ ಮಾರಲು ತೊಡಗಿತಾದರೂ, ನಗರದಿಂದ ನಗರಕ್ಕೆ ರಾತ್ರಿಯ ಲಾರಿಗಳನ್ನು ರೈಲಿನಂತೆ ವೇಳಾಪಟ್ಟಿಗೆ ಕಟ್ಟಿ ಓಡಿಸುವ ಪದ್ಧತಿ ಆ ವರ್ಷಗಳಲ್ಲಿ ಬಲವಾಗಿ ಬೇರೂರಿತು.

ಆ ವೇಳಾಪಟ್ಟಿಯ ಹಿಂದೆ ಒಂದು ಸರಳವಾದ ಗಣಿತವಿತ್ತು. 1930ರ ರಸ್ತೆ ಸಂಚಾರ ಶಾಸನದ ಪ್ರಕಾರ ಚಾಲಕನು ಒಂದೇ ಸಮನೆ ಐದೂವರೆ ಗಂಟೆಗಿಂತಲೂ, ದಿನವೊಂದಕ್ಕೆ ಹನ್ನೊಂದು ಗಂಟೆಗಿಂತಲೂ ಹೆಚ್ಚಾಗಿ ವಾಹನವನ್ನು ನಡೆಸತಕ್ಕದ್ದಲ್ಲ. ಅವನಿಗೆ ಹತ್ತು ಗಂಟೆಗಳ ಅಖಂಡ ವಿಶ್ರಾಂತಿ ದೊರೆಯತಕ್ಕದ್ದು. ಭಾರಿ ಲಾರಿಗಳಿಗೆ ಇದ್ದ ವೇಗಮಿತಿಯೋ ಗಂಟೆಗೆ 20 ಮೈಲಿ ಮಾತ್ರ. ಆ ಮಿತಿ 30 ಮೈಲಿಗೆ ಏರಿದ್ದು 1957ರಲ್ಲಿ. ಲಂಡನ್ನಿನಿಂದ ಲಿವರ್‌ಪೂಲಿಗೆ ಸುಮಾರು 200 ಮೈಲಿ. ಸಂಜೆ ಲಂಡನ್ನಿನಿಂದೊಬ್ಬನೂ ಲಿವರ್‌ಪೂಲಿನಿಂದೊಬ್ಬನೂ ಹೊರಟು, ನಡುರಾತ್ರಿ ನಡುನಾಡಿನ ಯಾವುದಾದರೊಂದು ಚಹಾದಂಗಡಿಯ ಅಂಗಳದಲ್ಲಿ ಸಂಧಿಸಿ, ಒಬ್ಬರ ಲಾರಿಯನ್ನು ಮತ್ತೊಬ್ಬರಿಗೆ ಒಪ್ಪಿಸಿ ತಿರುಗಿದರೆ, ಇಬ್ಬರೂ ತಲಾ ಇನ್ನೂರು ಮೈಲಿ ನಡೆಸಿ ಬೆಳಗಾಗುವುದರೊಳಗೆ ತಮ್ಮ ತಮ್ಮ ಮನೆ ಸೇರಬಹುದಾಗಿತ್ತು. ಸರಕು ಮಾತ್ರ ನಿಲ್ಲದೆ ಮುಂದುವರಿಯುತ್ತಿತ್ತು. ವರ್ಷಾನುಗಟ್ಟಲೆ ಪ್ರತಿರಾತ್ರಿ ಹದಿನೈದು ನಿಮಿಷ ಮಾತ್ರ ಭೇಟಿಯಾಗುತ್ತ, ಪರಸ್ಪರರ ಹೆಂಡತಿ ಮಕ್ಕಳ ಯೋಗಕ್ಷೇಮವನ್ನೆಲ್ಲ ಬಲ್ಲವರಾಗಿ, ಒಬ್ಬರ ಮನೆಯನ್ನು ಇನ್ನೊಬ್ಬರು ಎಂದೂ ಕಾಣದೆ ಉಳಿದ ಸ್ನೇಹಗಳು ಈ ಏರ್ಪಾಟಿನಿಂದ ಹುಟ್ಟಿದುವು. ಗ್ಲಾಸ್ಗೋದಷ್ಟು ದೂರದ ಊರುಗಳಿಗೆ ಈ ಉಪಾಯ ಸಾಲುತ್ತಿರಲಿಲ್ಲ. ಅಲ್ಲಿಗೆ ಹೋದವನು ಲಾರಿಯನ್ನು ಡಿಪೋದಲ್ಲಿ ಬಿಟ್ಟು, ಹಗಲೆಲ್ಲ ಬಾಡಿಗೆಯ ಕೋಣೆಯಲ್ಲಿ ಮಲಗಿ, ಸಂಜೆಗೆ ಹಿಂದಿರುಗುವ ಸರಕನ್ನು ಹಿಡಿಯಬೇಕಾಗಿತ್ತು.

ಅಂದಿನ ಲಾರಿಯ ಕ್ಯಾಬಿನ್ ಎಂಥದೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಮರದ ಚೌಕಟ್ಟು, ಸಂದುಗಳಿಂದ ನುಗ್ಗುವ ಗಾಳಿ, ಪವರ್ ಸ್ಟೀರಿಂಗಿಲ್ಲದ ದೊಡ್ಡ ಚಕ್ರ, ಬಹುಪಾಲು ಲಾರಿಗಳಲ್ಲಿ ಬಿಸಿಗಾಳಿಯ ಹೀಟರೂ ಇಲ್ಲ. ಎಂಜಿನ್ನು ಕ್ಯಾಬಿನ್ನಿನೊಳಗೇ, ಚಾಲಕನ ಎಡಮಗ್ಗುಲಿನಲ್ಲಿ ತಗಡಿನ ಮುಚ್ಚಳದಡಿ ಗರ್ಜಿಸುತ್ತಿದ್ದುದರಿಂದ ಎಡಗಾಲು ಬೇಯುತ್ತಿದ್ದರೆ ಬಾಗಿಲ ಕಡೆಯ ಬಲಗಾಲು ಮರಗಟ್ಟುತ್ತಿತ್ತು; ಗೋಣಿಚೀಲಗಳನ್ನು ಕಾಲಿಗೆ ಸುತ್ತಿಕೊಂಡು, ಸಂದುಗಳಿಗೆ ಹಳೆಯ ಪತ್ರಿಕೆಗಳನ್ನು ತುರುಕಿ ರಾತ್ರಿಯನ್ನು ನೂಕಿದವರು ಅನೇಕರು. ಗಾರ್ಡ್ನರ್ ಕಂಪನಿಯ ಹೆಸರುವಾಸಿಯಾದ ಆರು ಸಿಲಿಂಡರಿನ ಎಂಜಿನ್ನಿನ ಶಕ್ತಿ ಸುಮಾರು 100ರಿಂದ 112 ಅಶ್ವಶಕ್ತಿ. ಅಷ್ಟರಿಂದಲೇ ಒಟ್ಟು 22 ಟನ್ನು ತೂಗುವ ಎಂಟು ಚಕ್ರದ ಲಾರಿ ಷ್ಯಾಪನ್ನು ಹತ್ತಬೇಕು. ಆಳು ನಡೆಯುವಷ್ಟು ನಿಧಾನದಲ್ಲಿ, ಅತಿ ಕೆಳಗಿನ ಗೇರಿನಲ್ಲಿ ಏರಿದ್ದಾಯಿತು, ಇನ್ನು ಇಳಿಜಾರಿನಲ್ಲಿ ಹೋದ ಹೊತ್ತನ್ನು ಗಳಿಸಿಕೊಳ್ಳಬೇಕೆಂಬ ಆತುರದಿಂದ ಗೇರನ್ನು ಕಳಚಿ ಲಾರಿಯನ್ನು ಉರುಳಲು ಬಿಡುತ್ತಿದ್ದವರೂ ಉಂಟು. ಅಂದಿನ ಬ್ರೇಕುಗಳ ಬಲವನ್ನು ಬಲ್ಲವರಿಗೆ ಇದು ಎಂಥ ಸಾಹಸವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಂಜು ಹಿಮಗಳ ಮಾತನ್ನು ಎತ್ತದೆ ಯಾವ ಹಳೆಯ ಚಾಲಕನೂ ತನ್ನ ಕಥೆಯನ್ನು ಮುಗಿಸುವುದಿಲ್ಲ. 1952ರ ಡಿಸೆಂಬರಿನಲ್ಲಿ ಲಂಡನ್ನನ್ನು ಐದು ದಿನ ಆವರಿಸಿ ಸಾವಿರಾರು ಜನರ ಪ್ರಾಣವನ್ನು ತೆಗೆದ ಹೊಗೆಮಂಜಿನಂಥ ಸಂದರ್ಭಗಳಲ್ಲಿ, ಲಾರಿಯ ಮುಂದೆ ಜೊತೆಗಾರನು ದೀಪವನ್ನೋ ಬಿಳಿಯ ಬಟ್ಟೆಯನ್ನೋ ಹಿಡಿದು ನಡೆಯುತ್ತಿದ್ದರೆ, ಆ ಬಿಳುಪನ್ನು ಹಿಂಬಾಲಿಸಿ ಚಾಲಕನು ಅಂಗುಲ ಅಂಗುಲವಾಗಿ ಸಾಗಬೇಕಾಗಿತ್ತು. ನಮ್ಮ ಲಾರಿಗಳ ಕ್ಲೀನರಿನಂತೆ ಅಲ್ಲಿಯೂ ಸಹಾಯಕನಿದ್ದ ಕಾಲ ಅದು. ಹಿಂದೆ ಟ್ರೇಲರನ್ನು ಕಟ್ಟಿಕೊಂಡ ಲಾರಿಗೆ ಅಂಥವನೊಬ್ಬನು ಇರಲೇಬೇಕೆಂದು ಕಾನೂನೇ ಇತ್ತು. 1962ರ ಕೊನೆಯಿಂದ 1963ರ ಮಾರ್ಚಿಯವರೆಗೆ ಬಿಡದೆ ಹಿಡಿದ ಮಹಾಶೈತ್ಯದಲ್ಲಿ ಡೀಸೆಲ್ ಎಣ್ಣೆಯೇ ಮೇಣಗಟ್ಟಿ ನಳಿಗೆಗಳು ಕಟ್ಟಿಕೊಳ್ಳಲು, ನಡುರಸ್ತೆಯಲ್ಲಿ ನಿಂತ ಲಾರಿಯ ಕೆಳಗೆ ತೂರಿ, ಎಣ್ಣೆಯಲ್ಲಿ ತೋಯಿಸಿದ ಚಿಂದಿಗೆ ಬೆಂಕಿ ಹಚ್ಚಿ ಟ್ಯಾಂಕನ್ನು ಕಾಯಿಸಿದವರು ಇಂದಿಗೂ ಆ ಬೆಂಕಿಯನ್ನು ನೆನೆದು ಬೆಚ್ಚುತ್ತಾರೆ. ಹೊರಡುವ ಮುನ್ನ ಸರಕಿನ ಮೇಲೆ ಟಾರ್ಪಾಲನ್ನು ಎಳೆದು ಹಗ್ಗ ಬಿಗಿಯುವುದು ಇನ್ನೊಂದು ಯಾತನೆ. ನೆನೆದು ಹೆಪ್ಪುಗಟ್ಟಿದ ಹಗ್ಗ ಕಬ್ಬಿಣದ ಸಲಾಕೆಯಾಗಿ, ಅದನ್ನು ಗಂಟು ಹಾಕುವ ಬೆರಳುಗಳು ಬಿರಿದು ರಕ್ತ ಒಸರುತ್ತಿತ್ತು.

ಹೀಗಿದ್ದರೂ ಟ್ರಂಕಿಂಗ್ ಮಾಡಿದವರು ಆ ದಿನಗಳನ್ನು ಪ್ರೀತಿಯಿಂದಲೇ ನೆನೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ಅವರು ಒಂಟಿಯಾಗಿದ್ದರೂ ಅನಾಥರಾಗಿರಲಿಲ್ಲ. ಮುಂದಿನ ಲಾರಿಯನ್ನು ದಾಟಿ ಹೋಗುವವನ ಬಾಲ ಪೂರ್ತಿ ದಾಟಿತೆಂಬುದನ್ನು ಹಿಂದಿನವನು ದೀಪ ಮಿನುಗಿಸಿ ತಿಳಿಸುವುದು, ದಾಟಿದವನು ತನ್ನ ದೀಪದಿಂದ ವಂದಿಸುವುದು, ಕೆಟ್ಟು ನಿಂತ ಲಾರಿಯನ್ನು ಕಂಡೂ ಕಾಣದವನಂತೆ ಹೋಗುವುದನ್ನು ಮಹಾಪರಾಧವೆಂದು ಎಣಿಸುವುದು, ಇವೆಲ್ಲ ಬರೆಯದೆ ನಡೆದ ಧರ್ಮಗಳು. ಷ್ಯಾಪಿನ ಏರಿನ ಬಳಿಯ ಜಂಗಲ್ ಕೆಫೆ, ಲಂಡನ್ನಿನ ಉತ್ತರದ ವರ್ತುಲರಸ್ತೆಯಲ್ಲಿ 1938ರಲ್ಲಿ ತೆರೆದ ಏಸ್ ಕೆಫೆ ಮುಂತಾದ ಚಹಾದಂಗಡಿಗಳು ರಾತ್ರಿಯಿಡೀ ಒಲೆಯುರಿಸಿಕೊಂಡು, ಕರಿದ ಮೊಟ್ಟೆ ಮಾಂಸಗಳನ್ನೂ ದೊಡ್ಡ ಬಟ್ಟಲಿನ ಕಡುಚಹಾವನ್ನೂ ಬಡಿಸುತ್ತ, ಇವರ ಪಾಲಿಗೆ ಛತ್ರಗಳಾಗಿದ್ದುವು. ಹಗಲು ಮಲಗುವ ಬಾಡಿಗೆ ಮನೆಗಳೋ ಹಲವು ಬಗೆ. ತಾಯಿಯಂಥ ಒಡತಿಯರು ನಡೆಸಿದ ಮನೆಗಳೂ ಇದ್ದುವು. ಒಂದೇ ಕೋಣೆಯಲ್ಲಿ ಏಳೆಂಟು ಮಂಚಗಳಿದ್ದು, ರಾತ್ರಿಯಲ್ಲಿ ಮಲಗಿ ಎದ್ದವನ ಮೈಯ ಬಿಸಿ ಆರುವ ಮೊದಲೇ ಹಗಲಿನವನು ಅದೇ ಹಾಸಿಗೆಗೆ ಇಳಿಯುವ ಮನೆಗಳೂ ಇದ್ದುವು. ಅಂಥ ಕಡೆ ಬೂಟುಗಳು ಕಳುವಾಗದಂತೆ ಮಂಚದ ಕಾಲುಗಳನ್ನೇ ಅವುಗಳೊಳಗೆ ಇಳಿಸಿ ಮಲಗುತ್ತಿದ್ದೆವೆಂದು ಹೇಳುವವರಿದ್ದಾರೆ.

ಚಾಲಕನ ಹೆಂಡತಿಯ ಪಾಲಿನ ಶ್ರಮವನ್ನು ಇಲ್ಲಿ ಒಂದು ಮಾತಿನಲ್ಲಾದರೂ ಹೇಳಬೇಕು. ಗಂಡ ಹಗಲು ಮಲಗುವ ಚಿಕ್ಕ ಮನೆಯಲ್ಲಿ ಮಕ್ಕಳ ಬಾಯಿಯನ್ನು ಮುಚ್ಚಿಸುತ್ತ, ಬೀದಿಯ ಆಟವನ್ನು ದೂರಕ್ಕೆ ಅಟ್ಟುತ್ತ, ಅವನು ಏಳುವ ಸಂಜೆಗೆ ಮುಂಜಾನೆಯ ಉಪಾಹಾರವನ್ನು ಸಿದ್ಧಪಡಿಸಿದ ಆಕೆಯ ದಿನಚರಿ ಯಾವ ಕಂಪನಿಯ ವೇಳಾಪಟ್ಟಿಯಲ್ಲಿಯೂ ಬರೆದಿರಲಿಲ್ಲ.

ಕಾಲ ಬದಲಾಯಿತು. 1958ರ ಡಿಸೆಂಬರ್ 5ರಂದು ಪ್ರೆಸ್ಟನ್ ನಗರವನ್ನು ಬಳಸಿ ಹೋಗುವ ದೇಶದ ಮೊದಲನೆಯ ಮೋಟಾರುಮಾರ್ಗ ತೆರೆಯಿತು. ಆ ಪ್ರೆಸ್ಟನ್ನಿನ ನೆರೆಯಲ್ಲಿಯೇ ಇರುವ ಲೇಲೆಂಡ್ ಎಂಬ ಪಟ್ಟಣದ ಹೆಸರನ್ನು ಕನ್ನಡಿಗರೆಲ್ಲರೂ ಬಲ್ಲರು: ಅಲ್ಲಿನ ಕಾರ್ಖಾನೆಯ ಕಾಮೆಟ್ ಲಾರಿಗಳು ಮದರಾಸಿನಲ್ಲಿ ಜೋಡಣೆಗೊಂಡು ನಮ್ಮ ರಸ್ತೆಗಳಿಗೂ ಬಂದುವು, 1955ರಲ್ಲಿ ಅಶೋಕ್ ಲೇಲೆಂಡ್ ಎಂಬ ಹೆಸರು ನಿಂತಿತು. 1959ರ ನವೆಂಬರ್ 2ರಂದು ಎಂ-1 ಮಾರ್ಗದ ಮೊದಲ ಭಾಗ ತೆರೆಯಿತು; 1970ರಲ್ಲಿ ಎಂ-6 ಮಾರ್ಗ ಷ್ಯಾಪನ್ನು ದಾಟಿದ ಮೇಲೆ ಹಳೆಯ ಏರು ನಿರ್ಜನವಾಯಿತು. ಸ್ವೀಡನ್ನಿನಿಂದ ಬಂದ ವೋಲ್ವೋ, ಸ್ಕಾನಿಯಾ ಲಾರಿಗಳು ಬೆಚ್ಚನೆಯ ಕ್ಯಾಬಿನ್ನು ಚಾಲಕನ ಹಕ್ಕೆಂಬ ಭಾವನೆಯನ್ನು ತಂದುವು. ಚಕ್ರ ತಿರುಗಿದ ಹೊತ್ತನ್ನು ಮೇಣದ ಲೇಪವಿರುವ ಕಾಗದದ ಮೇಲೆ ತಾನಾಗಿಯೇ ಕೊರೆಯುವ ಟ್ಯಾಕೋಗ್ರಾಫ್ ಯಂತ್ರವು, ಕ್ಯಾಬಿನ್ನಿನೊಳಗೆ ಗೂಢಚಾರನನ್ನು ಕೂರಿಸುತ್ತೀರೆಂಬ ಕಾರ್ಮಿಕರ ಪ್ರತಿಭಟನೆಯ ನಡುವೆಯೂ, 1981ರ ಅಂತ್ಯಕ್ಕೆ ಕಡ್ಡಾಯವಾಯಿತು. ಅದಕ್ಕೆ ಮುಂಚೆ ಹೊತ್ತಿನ ಲೆಕ್ಕವನ್ನು ಚಾಲಕನೇ ಹಾಳೆಯಲ್ಲಿ ಬರೆಯುತ್ತಿದ್ದನಾಗಿ, ಧಣಿಯ ಒತ್ತಾಯಕ್ಕೋ ಮನೆ ಸೇರುವ ಆಸೆಗೋ ಎರಡೆರಡು ಹಾಳೆಗಳನ್ನು ಇಟ್ಟುಕೊಂಡು ನಿದ್ದೆಗಣ್ಣಿನಲ್ಲಿ ಲಾರಿ ನಡೆಸಿದವರು ಇದ್ದರು. ಆ ಯಂತ್ರವನ್ನು ಅಂದು ವಿರೋಧಿಸಿದವರಲ್ಲಿ ಕೆಲವರಾದರೂ ಅದರಿಂದಲೇ ಜೀವ ಉಳಿಸಿಕೊಂಡಿರಬೇಕು.

ಇನ್ನು ಮನೆ ಮನೆಯ ಕೆಲಸ. ರಾತ್ರಿಯ ಲಾರಿ ಬೆಳಗಿನ ಜಾವ ಡಿಪೋವನ್ನು ಮುಟ್ಟಿದಾಗ ಟ್ರಂಕಿಂಗ್ ಚಾಲಕನ ಹೊಣೆ ಮುಗಿಯುತ್ತಿತ್ತು. ಅದೇ ಸರಕನ್ನು ಚಿಕ್ಕ ಲಾರಿಗಳಿಗೆ ತುಂಬಿಕೊಂಡು ಹೊರಡುವವನ ಹೊಣೆ ಅಲ್ಲಿಂದ ಆರಂಭವಾಗುತ್ತಿತ್ತು. ಈ ಕೆಲಸದ ಮಹತ್ತ್ವವನ್ನು ಅರಿಯಲು ಒಬ್ಬ ಮಹಾಪುರುಷನ ಹೆಸರನ್ನು ಹೇಳಿದರೆ ಸಾಕು. 1922ರಲ್ಲಿ ಸಾರಿಗೆ ಕಾರ್ಮಿಕರ ಬೃಹತ್ ಸಂಘವನ್ನು ಕಟ್ಟಿದ, ಮುಂದೆ ಬ್ರಿಟನ್ನಿನ ಕಾರ್ಮಿಕ ಮಂತ್ರಿಯೂ ವಿದೇಶಾಂಗ ಮಂತ್ರಿಯೂ ಆದ ಅರ್ನೆಸ್ಟ್ ಬೆವಿನ್ ತನ್ನ ತಾರುಣ್ಯದಲ್ಲಿ ಬ್ರಿಸ್ಟಲ್ ನಗರದ ಬೀದಿಗಳಲ್ಲಿ ಕುದುರೆಗಾಡಿಯ ಮೇಲೆ ಸೋಡಾನೀರಿನ ಪೆಟ್ಟಿಗೆಗಳನ್ನು ಅಂಗಡಿಗಳಿಗೆ ಇಳಿಸುತ್ತಿದ್ದವನು. ಎತ್ತಿ ಇಳಿಸುವ ದುಡಿಮೆ ಏನೆಂಬುದು ಅವನ ತೋಳುಗಳಿಗೆ ಗೊತ್ತಿತ್ತು.

ಅಂದಿನ ಭಾರಗಳನ್ನು ನೋಡಿ. ಕಲ್ಲಿದ್ದಲು ಮನೆಗೆ ಬರುತ್ತಿದ್ದುದು 112 ಪೌಂಡಿನ, ಅಂದರೆ ಸುಮಾರು 50 ಕಿಲೋಗ್ರಾಮಿನ ಚೀಲಗಳಲ್ಲಿ. ಟನ್ನಿಗೆ ಇಪ್ಪತ್ತು ಚೀಲ, ಪ್ರತಿಯೊಂದನ್ನೂ ಬೆನ್ನ ಮೇಲೆ ಹೊತ್ತು ಹಿತ್ತಲಿಗೋ ನೆಲಮಾಳಿಗೆಗೋ ಸುರಿಯಬೇಕು. ಹಿಟ್ಟಿನ ಮೂಟೆ 140 ಪೌಂಡು. ಗಿರಣಿಗೂ ಹೊಲಮನೆಗೂ ಹೋಗುತ್ತಿದ್ದ ಗೋಧಿಯ ಮೂಟೆ 252 ಪೌಂಡು, ಸುಮಾರು 114 ಕಿಲೋ. ನಮ್ಮ ಕಡೆ ಕ್ವಿಂಟಲ್ ತೂಕದ ಭತ್ತದ ಚೀಲವನ್ನು ಹೆಗಲಿಗೇರಿಸಿಕೊಂಡು ಅಟ್ಟ ಹತ್ತಿದವರಿಗೆ ಆ ಲೆಕ್ಕ ಬೇಗ ಮನಸ್ಸಿಗೆ ಹತ್ತೀತು. ಇವನ್ನೆಲ್ಲ ಹೊತ್ತವನು ಹಮಾಲನಲ್ಲ, ಲಾರಿಯನ್ನು ನಡೆಸಿಕೊಂಡು ಬಂದವನೇ. ಇಳಿಸಿದ ಮೇಲೆ ಆ ನಡುಗುವ ಕೈಗಳಿಂದಲೇ ಮತ್ತೆ ಸ್ಟೀರಿಂಗನ್ನು ಹಿಡಿಯಬೇಕು.

ಯುದ್ಧಾನಂತರದ ದಶಕಗಳಲ್ಲಿ ಕಂತಿನ ಮೇಲೆ ಕೊಳ್ಳುವ ಅನುಕೂಲ ಹರಡಿ, ಲಿಟಲ್‌ವುಡ್ಸ್, ಗ್ರಾಟನ್, ಫ್ರೀಮನ್ಸ್ ಮುಂತಾದ ಕಂಪನಿಗಳ ದಪ್ಪನೆಯ ಚಿತ್ರಪಟ್ಟಿಯನ್ನು ನೋಡಿ ಮನೆಯಲ್ಲಿ ಕುಳಿತೇ ಸಾಮಾನು ತರಿಸುವ ರೂಢಿ ಬೆಳೆದಂತೆಲ್ಲ, ಹೊರುವ ವಸ್ತುಗಳ ಸ್ವರೂಪವೂ ಬದಲಾಯಿತು. ಮೂಟೆಗಾದರೂ ಬೆನ್ನಿಗೆ ಒಗ್ಗುವ ಗುಣವಿದೆ. ಬೀರುವಿಗೂ ಸೋಫಾಕ್ಕೂ ಅದಿಲ್ಲ. ತಿರುಗುವಾಗ ಅಲುಗದಿರಲೆಂದು ಒಳಗೆ ಕಾಂಕ್ರೀಟಿನ ದಿಮ್ಮಿಯನ್ನು ಕೂರಿಸಿದ ಬಟ್ಟೆ ಒಗೆಯುವ ಯಂತ್ರ, ರಾತ್ರಿಯ ಅಗ್ಗದ ವಿದ್ಯುತ್ತಿನಿಂದ ಕಾದು ಹಗಲು ಬೆಚ್ಚಗಿಡಲೆಂದು ಇಟ್ಟಿಗೆಗಳನ್ನು ತುಂಬಿಕೊಂಡ ಕೋಣೆಯ ಒಲೆ, ಹಿಡಿಯಲು ಹಿಡಿಯೇ ಇಲ್ಲದ ಹಾಸಿಗೆ, ಇವನ್ನು ಗ್ಲಾಸ್ಗೋದ ನಾಲ್ಕಂತಸ್ತಿನ ಹಳೆಯ ಕಲ್ಲುಮನೆಗಳ ಸುರುಳಿಮೆಟ್ಟಿಲಲ್ಲಿ ಏರಿಸುವಾಗ ಕೆಳಗಿನವನ ಮೇಲೆ ಬೀಳುತ್ತಿದ್ದ ಭಾರವನ್ನು ಯಾವ ರಸೀದಿಯೂ ಹೇಳುತ್ತಿರಲಿಲ್ಲ. ಕೊಳೆಗೇರಿಗಳನ್ನು ಕೆಡವಿ ಎತ್ತಿದ ಗಗನಚುಂಬಿ ವಸತಿಗಳು ಬಂದಾಗ ಲಿಫ್ಟು ಬಂತೆಂದು ಹಿಗ್ಗಿದವರು ಬೇಗನೆ ನಿರಾಶರಾದರು. ಒಂದು ಲಿಫ್ಟು ಬೆಸ ಅಂತಸ್ತುಗಳಿಗೆ, ಇನ್ನೊಂದು ಸಮ ಅಂತಸ್ತುಗಳಿಗೆ ಮಾತ್ರ ನಿಲ್ಲುವಂಥ ಕಟ್ಟಡಗಳು ಹಲವಿದ್ದು, ಬೇಕಾದ ಲಿಫ್ಟು ಕೆಟ್ಟಿದ್ದ ದಿನ, ಅಥವಾ ಅದರ ಬಾಗಿಲಿಗಿಂತ ಸೋಫಾ ಉದ್ದವಿದ್ದ ದಿನ, ಹತ್ತು ಹನ್ನೆರಡು ಅಂತಸ್ತನ್ನು ಕಾಲಿನಿಂದಲೇ ಹತ್ತಬೇಕು. ಹತ್ತಿ ಬಾಗಿಲು ತಟ್ಟಿದರೆ ಒಳಗೆ ಯಾರೂ ಇಲ್ಲ. ಚೀಟಿ ಬರೆದು ಸಿಕ್ಕಿಸಿ, ಏರಿಸಿದ್ದನ್ನು ಮತ್ತೆ ಇಳಿಸಬೇಕು. ಹೊಸ ಬಡಾವಣೆಗಳಲ್ಲಿ ಬೀದಿಗೆ ಹೆಸರಿನ ಹಲಗೆ ಇರದು, ಮನೆಗೆ ಸಂಖ್ಯೆ ಇರದು. ಬಾಗಿಲಿನಲ್ಲಿ ಹಿಡಿಸದ ಸಾಮಾನಿಗಾಗಿ ಕಿಟಕಿಯ ಚೌಕಟ್ಟನ್ನೇ ಕಳಚಿ, ಒಳಗಿಟ್ಟು, ಮತ್ತೆ ಜೋಡಿಸಿ ಕೊಟ್ಟವರ ನೆನಪುಗಳೂ ಉಂಟು.

ಈ ಕೆಲಸದಲ್ಲಿ ಬಹುಕಡೆ ಇದ್ದ ಕಟ್ಟಳೆಯೆಂದರೆ ಕೊಟ್ಟದ್ದನ್ನು ಮುಗಿಸಿದವನು ಮನೆಗೆ ಹೋಗಬಹುದೆಂಬುದು. ನೋಡುವುದಕ್ಕೆ ಇದು ಔದಾರ್ಯ. ಆದರೆ ಬೇಗ ಮುಗಿಸುವ ಆಸೆಯಿಂದ ಊಟವನ್ನು ಬಿಟ್ಟು, ಮೆಟ್ಟಿಲುಗಳನ್ನು ಓಡುತ್ತ ಏರಿದ ಗಟ್ಟಿಗರ ವೇಗವನ್ನೇ ಕಂಡ ಯಜಮಾನರು ಮರುವಾರ ಪಟ್ಟಿಗೆ ಇನ್ನಷ್ಟು ಮನೆಗಳನ್ನು ಸೇರಿಸಿದರೆ, ಆ ಭಾರವನ್ನು ಹೊತ್ತವನು ಐವತ್ತು ದಾಟಿದ, ಸೊಂಟ ಹಿಡಿದ ಸಹೋದ್ಯೋಗಿ. 1957ರಲ್ಲಿ ವೇಗಮಿತಿಯನ್ನು ಏರಿಸಹೊರಟಾಗ ಚಾಲಕರ ಕಡೆಯಿಂದಲೇ ವಿರೋಧ ಬಂದುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ: ಉಳಿದ ಹೊತ್ತು ತಮಗೆ ದಕ್ಕದೆಂಬುದನ್ನು ಅವರು ಬಲ್ಲವರಾಗಿದ್ದರು. ಟ್ರಂಕಿಂಗಿನಲ್ಲಿ ಆ ಆತಂಕಕ್ಕೆ ವೇಳಾಪಟ್ಟಿಯ, ಸಂಘದ, ಗಂಟೆಯ ಲೆಕ್ಕದ ಆಸರೆಯಾದರೂ ಇತ್ತು. ಮನೆ ಮನೆಯ ಕೆಲಸದಲ್ಲಿ ದಿನದ ಗಂಟೆಗಳಿಗೆ ಮಿತಿ ಇತ್ತೇ ಹೊರತು ಎತ್ತುವ ತೂಕಕ್ಕೂ ಏರುವ ಮೆಟ್ಟಿಲಿಗೂ ಅಂಥ ಮಿತಿಯಿರಲಿಲ್ಲ.

ಇಂದಿನ ಸ್ಥಿತಿಯಲ್ಲಿ ಆ ಹಳೆಯ ಅಂತರವೇ ಬೇರೆ ವೇಷದಲ್ಲಿ ಕಾಣುತ್ತದೆ. ದೊಡ್ಡ ಲಾರಿಯ ಚಾಲಕನಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ, ವಾರಕ್ಕೆರಡು ಬಾರಿ ಮಾತ್ರ ಹತ್ತು, ನಾಲ್ಕೂವರೆ ಗಂಟೆಗೊಮ್ಮೆ ಮುಕ್ಕಾಲು ಗಂಟೆಯ ವಿರಾಮ, ಟ್ಯಾಕೋಗ್ರಾಫಿನ ಕಾವಲು. 2021ರಲ್ಲಿ ಅಂಥ ಚಾಲಕರ ಅಭಾವವಾಗಿ ಪೆಟ್ರೋಲ್ ಬಂಕುಗಳ ಮುಂದೆ ಸಾಲುಗಳು ಬೆಳೆದಾಗ ದೇಶವೆಲ್ಲ ಅವರ ಬೆಲೆಯನ್ನು ಅರಿತಿತು. ಮನೆಗೆ ಪೊಟ್ಟಣ ತರುವ ವ್ಯಾನು ಮೂರೂವರೆ ಟನ್ನಿನ ಒಳಗಿನದಾದ್ದರಿಂದ ಅದಕ್ಕೆ ಆ ಯಂತ್ರ ಬೇಕಿಲ್ಲ; ಅದನ್ನು ನಡೆಸುವವನಿಗೆ ಅನೇಕ ವೇಳೆ ಸಂಬಳವೂ ಇಲ್ಲ, ಪೊಟ್ಟಣಕ್ಕಿಷ್ಟೆಂದು ಕೂಲಿ, ತಾನೇ ತನ್ನ ಧಣಿಯೆಂಬ ಒಪ್ಪಂದ, ಕೈಯಲ್ಲಿ ಕ್ಷಣಕ್ಷಣವನ್ನೂ ಗುರುತಿಸುವ ಸಲಕರಣೆ. ಕೆನ್ ಲೋಚ್ ನಿರ್ದೇಶಿಸಿದ, 2019ರಲ್ಲಿ ತೆರೆಕಂಡ 'ಸಾರಿ ವಿ ಮಿಸ್ಡ್ ಯು' ಚಲನಚಿತ್ರ ನ್ಯೂಕಾಸಲ್ ನಗರದ ಅಂಥ ಒಂದು ಸಂಸಾರದ ಕಥೆಯನ್ನು ಹೇಳುತ್ತದೆ. ಅದನ್ನು ನೋಡಿದ ಹಳೆಯ ಡ್ರೈವರನಿಗೆ ತನ್ನ ಕಾಲದ ಚೀಟಿ, ಮೆಟ್ಟಿಲು, ಮುಚ್ಚಿದ ಬಾಗಿಲುಗಳೆಲ್ಲ ನೆನಪಾಗದೆ ಇರಲಾರವು.

ತೂಕದ ವಿಷಯದಲ್ಲಿ ಮಾತ್ರ ತಡವಾಗಿಯಾದರೂ ಒಂದು ನಿಯಮ ಬಂತು. 1992ರಲ್ಲಿ ರಚಿತವಾಗಿ 1993ರ ಜನವರಿ 1ರಿಂದ ಜಾರಿಯಾದ ಆ ನಿಯಮಾವಳಿ, ಕೈಯಿಂದ ಎತ್ತುವ ಕೆಲಸದಲ್ಲಿ ಅಪಾಯವನ್ನು ಮುಂಚಿತವಾಗಿ ಪರಿಶೀಲಿಸಿ ತಗ್ಗಿಸುವ ಹೊಣೆಯನ್ನು ಯಜಮಾನನ ಮೇಲೆ ಹೊರಿಸಿತು. ಕಟ್ಟುನಿಟ್ಟಿನ ಮಿತಿಯನ್ನು ಅದು ಹೇರಲಿಲ್ಲವಾದರೂ, ಸೊಂಟದ ಮಟ್ಟದಲ್ಲಿ ಮೈಗೆ ಒತ್ತಿಹಿಡಿದು ಎತ್ತುವ ಗಂಡಸಿಗೆ 25 ಕಿಲೋ, ಹೆಂಗಸಿಗೆ 16 ಕಿಲೋ ಎಂಬ ಮಾರ್ಗಸೂಚಿಯನ್ನು ಅಧಿಕಾರಿಗಳು ಮುಂದಿಟ್ಟರು. ಸಿಮೆಂಟಿನ ಚೀಲ 25 ಕಿಲೋಗೆ ಇಳಿಯಿತು; ಬಟ್ಟೆ ಒಗೆಯುವ ಯಂತ್ರವನ್ನು ತರಲು ಇಬ್ಬರು ಆಳುಗಳನ್ನು ಕಳುಹಿಸುವುದು ಸಾಮಾನ್ಯವಾಯಿತು. ಐವತ್ತು ಅರವತ್ತರ ದಶಕಗಳಲ್ಲಿ ಕಲ್ಲಿದ್ದಲನ್ನೂ ಹಿಟ್ಟನ್ನೂ ಹೊತ್ತವರು ಅಷ್ಟು ಹೊತ್ತಿಗೆ ಮಂಡಿ ಸವೆದು, ಬೆನ್ನು ಬಾಗಿ ನಿವೃತ್ತರಾಗಿದ್ದರು.